ಹವ್ಯಾಸಕ್ಕೆ ಬರೆದ ಓಎಸ್ (ಆಪರೇಟಿಂಗ್ ಸಿಸ್ಟಮ್) ಒಂದು ಮೊದಲ ಬೂಟಲ್ಲೇ ಏನೋ ಡೇಟಾ ಕಳಿಸ್ತಿದೆ, ಮಕ್ಕಳ ಲ್ಯಾಬಲ್ಲಿ ಹಾಕಬಹುದಾ?

ಲ್ಯಾಬ್_ಮೇಷ್ಟ್ರು:

ಎಲ್ರಿಗೂ ನಮಸ್ಕಾರ. ನಾನು ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮಕ್ಕಳಿಗೆ ಪಾಠ ಮಾಡ್ತೀನಿ. ಶೆಡ್ಯೂಲರ್, ಪೇಜಿಂಗ್, ಇಂಟರಪ್ಟ್ ಅಂತ ಬೋರ್ಡ್ ಮೇಲೆ ಎಷ್ಟು ಬರೆದ್ರೂ ಮಕ್ಕಳಿಗೆ ಅದು ಪರೀಕ್ಷೆಗೆ ಬಾಯಿಪಾಠ ಮಾಡೋ ವಿಷಯವಾಗೇ ಉಳಿಯುತ್ತೆ, ಅದಕ್ಕೆ ಈ ಸಲ ಒಂದು ಪುಟ್ಟ ಓಎಸ್‌ನ ಸೋರ್ಸ್ ಸಮೇತ ತೋರಿಸಿ, ಒಂದು ಸಿಸ್ಟಮ್ ಕಾಲ್ (ಪ್ರೋಗ್ರಾಂ ಓಎಸ್ ಹತ್ರ ಕೆಲಸ ಕೇಳೋ ದಾರಿ) ಅವರ ಕೈಯಲ್ಲೇ ಸೇರಿಸೋಣ ಅನ್ಕೊಂಡಿದೀನಿ. ಲಿನಕ್ಸ್ ಕರ್ನಲ್ (ಓಎಸ್ ತಿರುಳು) ಕೋಟಿಗಟ್ಟಲೆ ಲೈನು, ಅದನ್ನ ತೆಗೆದು ಮುಂದೆ ಇಟ್ರೆ ಮಕ್ಕಳು ಹೆದರಿ ಓಡ್ತಾರೆ. ಹಂಗಾಗಿ ಹುಡುಕ್ತಾ ಇದ್ದಾಗ ಮೂರ್ನಾಲ್ಕು ಜನ ಸೇರಿ ಮೊದಲಿಂದ ಕೊನೇವರೆಗೆ ತಾವೇ ಬರೀತಿರೋ ಒಂದು ಓಎಸ್ ಸಿಕ್ತು. ಹೆಸರು ಇಲ್ಲಿ ಹಾಕಲ್ಲ, ತುಂಬಾ ಚಿಕ್ಕ ಪ್ರಾಜೆಕ್ಟು, ಜನ ಹೋಗಿ ಅವರ ಮೇಲೆ ಮುಗಿಬೀಳೋದು ನಂಗಿಷ್ಟ ಇಲ್ಲ.

ಓಎಸ್ ಮಾತ್ರ ಸೊಗಸಾಗಿದೆ. ಕೋಡ್ ಓದಿದ್ರೆ ಅರ್ಥ ಆಗುತ್ತೆ, ಸ್ವಂತ ವಿಂಡೋ ಸಿಸ್ಟಮ್ ಇದೆ, ಲೊಕೇಲ್ (ಭಾಷೆ) ಲಿಸ್ಟಲ್ಲಿ ಕನ್ನಡಾನೂ ಇತ್ತು, ಖುಷಿಯಾಗಿ ಅದನ್ನೇ ಆರಿಸ್ದೆ (ಒತ್ತಕ್ಷರ ಇನ್ನೂ ಕೂರಲ್ಲ, ಪಕ್ಕಪಕ್ಕ ಬೀಳುತ್ತೆ, ಆದ್ರೂ ಯಾರೋ ಲಿಸ್ಟಿಗೆ ಸೇರಿಸಿದಾರಲ್ಲ ಅನ್ನೋದೇ ಸಂತೋಷ). ಆಮೇಲೆ ಒಂದು ಸ್ಕ್ರೀನ್ ಬರುತ್ತೆ, "ಸಿಸ್ಟಮ್ ಸುಧಾರಿಸಲು ಅನಾಮಧೇಯ ಮಾಹಿತಿ ಕಳಿಸಿ" ಅನ್ನೋ ಅರ್ಥದ ಇಂಗ್ಲಿಷ್ ಸಾಲು, ಅದರ ಮುಂದೆ ಬಾಕ್ಸಲ್ಲಿ ಮೊದಲೇ ಟಿಕ್ ಹಾಕಿದೆ. ಏನೇನು ಕಳಿಸ್ತಾರೆ, ಎಲ್ಲಿಗೆ, ಎಷ್ಟು ದಿನ ಇಟ್ಕೋತಾರೆ, ಒಂದಕ್ಷರ ಇಲ್ಲ. ನಾನು ಟಿಕ್ ತೆಗೆದೆ. ಆದ್ರೆ ಹೋಸ್ಟ್ ಮಷೀನಲ್ಲಿ (ಈ ಓಎಸ್ ವರ್ಚುಯಲ್ ಆಗಿ ಓಡ್ತಿರೋ ನನ್ನ ಕಂಪ್ಯೂಟರಲ್ಲಿ) ಬೇರೆ ಕೆಲಸಕ್ಕೆ, ನೆಟ್‌ವರ್ಕಲ್ಲಿ ಹೋಗಿ ಬರೋದನ್ನ ತೋರಿಸೋ ವೈರ್‌ಶಾರ್ಕ್ ಓಡ್ತಾ ಇತ್ತು, ಅದರಲ್ಲಿ ನೋಡಿದ್ರೆ ಆ ಸ್ಕ್ರೀನ್ ಬರೋಕ್ಕೂ ಮುಂಚೇನೇ ಅವರ ಡೊಮೇನ್ ಹೆಸರಿಗೆ ಒಂದು ಡಿಎನ್ಎಸ್ ಕ್ವೆರಿ (ಆ ಹೆಸರಿನ ಸರ್ವರ್ ವಿಳಾಸ ಕೇಳೋದು) ಹೋಗಿರೋ ಹಾಗೆ ಕಾಣ್ತಿದೆ. ಬೇರೆ ಟ್ರಾಫಿಕ್ ಎಲ್ಲಾ ಕಲೆತು ಹೋಗಿರೋದ್ರಿಂದ ಸರಿಯಾಗಿ ಹೇಳಕ್ಕಾಗ್ತಿಲ್ಲ.

ಇದಕ್ಕೆಲ್ಲ ತಲೆ ಕೆಡಿಸ್ಕೋಬೇಕಾ? ಒಳಗಿಂದ ಏನು ಹೋಗ್ತಿದೆ ಅಂತ ನೆಟ್ಟಗೆ ನೋಡೋದು ಹೇಗೆ? ಮತ್ತೆ, ಬಿಟ್ಟಿ ದುಡಿದು ಬರೀತಿರೋ ಹುಡುಗರಿಗೆ ಮನಸ್ಸು ನೋಯದ ಹಾಗೆ ಇದನ್ನ ಕೇಳೋದು ಹೇಗೆ? ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಬರೋರು, ಹದಿನಾರು ಹದಿನೇಳು ವಯಸ್ಸು, ಅದಕ್ಕೇ ಸ್ವಲ್ಪ ಯೋಚನೆ.

ಸುಮ್ನೆ_ಯೂಸರ್:

ಸರ್ ಕೈಯಲ್ಲಿರೋ ಆಂಡ್ರಾಯ್ಡ್ ಫೋನು ದಿನಾ ಇದರ ನೂರರಷ್ಟು ಕಳಿಸ್ತಾ ಇರುತ್ತೆ. ಸೋರ್ಸ್ ಓಪನ್ ಇದೆ ಅಂತೀರ, ಅಂದ್ಮೇಲೆ ಕದ್ದು ಏನೂ ಮಾಡಕ್ಕಾಗಲ್ಲ. ಮೂರ್ನಾಲ್ಕು ಹುಡುಗರು ನಿಮ್ಮ ರ‍್ಯಾಮ್ ಎಷ್ಟು ಅಂತ ತಿಳ್ಕೊಂಡ್ರೆ ಏನಾಗ್ಬಿಡುತ್ತೆ. ಲ್ಯಾಬಲ್ಲಿ ಹಾಕಿ, ಮಕ್ಕಳು ಕಲೀಲಿ.

ಪ್ಯಾಕೆಟ್_ಪ್ರಿಯ:

ಮೇಷ್ಟ್ರೇ, ಮೊದಲು ನೋಡೋದು ಹೇಗೆ ಅನ್ನೋದನ್ನ ಹೇಳ್ತೀನಿ, ಚಿಂತೆ ಮಾಡೋದೋ ಬೇಡ್ವೋ ಅನ್ನೋದು ಆಮೇಲೆ. ನೀವು ಕ್ಯೂಎಮು ಅನ್ನೋ ವರ್ಚುಯಲ್ ಮಷೀನ್ ಸಾಫ್ಟ್‌ವೇರಲ್ಲಿ ಓಡಿಸ್ತಿದೀರ ಅನ್ಕೋತೀನಿ. ಡಿಫಾಲ್ಟ್ ಯೂಸರ್ ಮೋಡ್ ನೆಟ್‌ವರ್ಕಲ್ಲಿ ಗೆಸ್ಟ್‌ನ (ಒಳಗೆ ಓಡೋ ಓಎಸ್‌ನ) ಟ್ರಾಫಿಕ್ ಎಲ್ಲಾ ಹೋಸ್ಟ್‌ನದೇ ಅನ್ನೋ ಹಾಗೆ ಹೊರಗೆ ಹೋಗುತ್ತೆ, ಅದಕ್ಕೇ ನಿಮಗೆ ಕಲಸುಮೇಲೋಗರ ಆಗಿ ಕಾಣ್ತಿರೋದು. ಹೋಸ್ಟಲ್ಲಿ ಹಿಡೀಬೇಡಿ. ಕ್ಯೂಎಮುನಲ್ಲೇ ಫಿಲ್ಟರ್-ಡಂಪ್ ಅಂತ ಒಂದು ಆಬ್ಜೆಕ್ಟ್ ಇದೆ, ನೆಟ್‌ಡೆವ್‌ಗೆ (ವರ್ಚುಯಲ್ ನೆಟ್‌ವರ್ಕ್ ಸಂಪರ್ಕಕ್ಕೆ) ಒಂದು ಐಡಿ ಕೊಟ್ಟು, ಫಿಲ್ಟರ್-ಡಂಪ್‌ಗೂ ಅದೇ ಐಡಿ ತೋರಿಸಿ ಒಂದು ಫೈಲ್ ಹೆಸರು ಕೊಟ್ರೆ ಆ ವರ್ಚುಯಲ್ ಮಷೀನಿಂದ ಹೊರಟಿದ್ದು ಒಳಗೆ ಬಂದಿದ್ದು ಮಾತ್ರ ಪಿಕ್ಯಾಪ್ (ಹಿಡಿದ ಪ್ಯಾಕೆಟ್‌ಗಳ) ಫೈಲಾಗಿ ಬೀಳುತ್ತೆ. ಅದನ್ನ ವೈರ್‌ಶಾರ್ಕಲ್ಲಿ ತೆಗೀರಿ. ಗೆಸ್ಟ್ ವಿಳಾಸ 10.0.2.15 ಇರುತ್ತೆ, ಗೇಟ್‌ವೇ 10.0.2.2, ಡಿಎನ್ಎಸ್ 10.0.2.3, ಇವಿಷ್ಟು ಬಿಟ್ಟು ಹೊರಗಿನ ಇಂಟರ್ನೆಟ್‌ನ ಯಾವ ವಿಳಾಸ ಕಂಡ್ರೂ ಅದು ಓಎಸ್ ತಾನಾಗೇ ಹೊರಗಡೆ ಮಾತಾಡ್ತಿರೋದು. ಏನೂ ಮುಟ್ಟಬೇಡಿ, ಬೂಟ್ ಆಗಿ ಸ್ಕ್ರೀನ್ ಬಂದು ನಿಂತ್ಕೊಳ್ಳೋವರೆಗೆ ಸುಮ್ಮನೆ ಬಿಡಿ. ಪ್ಯಾಕೆಟ್‌ಗೆ ಟೈಮ್ ಇರುತ್ತಲ್ಲ, ನೀವು ಟಿಕ್ ತೆಗೆಯೋಕ್ಕೂ ಮುಂಚೆ ಹೋಗಿದ್ದು ಯಾವುದು ಅಂತ ಅದರಲ್ಲೇ ಗೊತ್ತಾಗುತ್ತೆ.

ಇಂಥ ಓಎಸ್‌ಗಳಲ್ಲಿ ಟಿಎಲ್ಎಸ್ (ಕಳಿಸೋದನ್ನ ಬೇರೆಯವರು ಓದದ ಹಾಗೆ ಮಾಡೋ ಎನ್‌ಕ್ರಿಪ್ಶನ್) ಇನ್ನೂ ಅರ್ಧಂಬರ್ಧ ಇರೋದೇ ಜಾಸ್ತಿ, ಬರೀ ಎಚ್‌ಟಿಟಿಪಿಯಲ್ಲೇ ಕಳಿಸ್ತಿದ್ರೆ ಪೂರ್ತಿ ಓದಕ್ಕೆ ಸಿಗುತ್ತೆ. ನಿಮಗೆ ಓದಕ್ಕೆ ಸಿಕ್ತು ಅಂದ್ರೆ ದಾರಿಯಲ್ಲಿರೋ ಪ್ರತಿಯೊಬ್ರಿಗೂ ಓದಕ್ಕೆ ಸಿಗುತ್ತೆ ಅನ್ನೋದೂ ನೆನಪಿರಲಿ. ಟಿಎಲ್ಎಸ್ ಇದ್ರೆ ಸರ್ವರ್ ಹೆಸರು ಮಾತ್ರ ಕಾಣುತ್ತೆ, ಆಗ ಸೋರ್ಸಲ್ಲಿ ಆ ಡೊಮೇನ್ ಹೆಸರು ಹುಡುಕಿ, ಯಾವ ಫಂಕ್ಷನ್ ಅದನ್ನ ಕರೀತಿದೆ ಅಂತ ಹಿಂದೆ ಹಿಂದೆ ಹೋಗಿ.

@ಸುಮ್ನೆ_ಯೂಸರ್ ಸೋರ್ಸ್ ಓಪನ್ ಇದ್ದ ಮಾತ್ರಕ್ಕೆ ಯಾರೋ ಓದಿದಾರೆ ಅಂತಲ್ಲ ಗುರು. ಅದೂ ಅಲ್ದೆ ನಾವು ಡೌನ್‌ಲೋಡ್ ಮಾಡಿರೋ ಇಮೇಜು ಅದೇ ಸೋರ್ಸಿಂದ ಬಂದಿದ್ದು ಅಂತ ಖಾತ್ರಿ ಏನು? ಉಬುಂಟು ಲಿನಕ್ಸಿಗಿಂತ ಓಪನ್ ಬೇಕಾ? 2012ರ ಅಕ್ಟೋಬರಲ್ಲಿ 12.10 ಬಂದಾಗ ಡ್ಯಾಶಲ್ಲಿ (ಹುಡುಕೋ ಮೆನುವಲ್ಲಿ) ನಮ್ಮ ಫೈಲ್ ಹುಡುಕೋಕೆ ಟೈಪ್ ಮಾಡಿದ ಪದಗಳು ಡಿಫಾಲ್ಟಾಗೇ ಅದನ್ನ ಮಾಡೋ ಕೆನಾನಿಕಲ್ ಕಂಪನಿ ಸರ್ವರಿಗೆ ಹೋಗಿ ಅಮೆಜಾನ್ ಸಾಮಾನು ತೋರಿಸ್ತಿತ್ತು. ಎಲ್ಲಾ ಓಪನ್ನೇ, ಬಚ್ಚಿಟ್ಟಿದ್ದು ಏನೂ ಇರಲಿಲ್ಲ. ಅದು ಡಿಫಾಲ್ಟಾಗಿ ಆಫ್ ಆಗಿದ್ದು 16.04ರಲ್ಲಿ.

ಧಾರವಾಡ_ಕರ್ನಲ್:

ನಮಸ್ಕಾರ್ರಿ ಸರ. ನಾನೂ ಒಂದ್ ಸಣ್ಣ ಕರ್ನಲ್ ಬರೀತೇನ್ರಿ, ರವಿವಾರ ಮತ್ತ ರಾತ್ರಿ ಹೊತ್ನ್ಯಾಗ, ಅದಕ್ಕ ಆ ಹುಡುಗೂರ ಪರವಾಗಿ ಎರಡ್ ಮಾತ್ ಹೇಳ್ಬೇಕ್ ಅನಿಸ್ತು. ನಮ್ಮಂಥವ್ರ ಹತ್ರ ಇರೋದು ಒಂದೋ ಎರಡೋ ಲ್ಯಾಪ್‌ಟಾಪ್. ಅದರಾಗ ಬೂಟ್ ಆತು ಅಂದ್ರ ಎಲ್ಲಾ ಮಷೀನಿನ್ಯಾಗ ಆಗ್ತದ ಅಂತೇನಿಲ್ಲ. ಎಸಿಪಿಐ ಟೇಬಲ್ (ಮಷೀನು ತನ್ನ ಹಾರ್ಡ್‌ವೇರ್ ಬಗ್ಗೆ ಓಎಸ್‌ಗೆ ಕೊಡೋ ಪಟ್ಟಿ) ಒಂದೊಂದು ಕಂಪನಿದು ಒಂದೊಂದ್ ಥರಾ, ಟೈಮರ್ ಒಂದ್ ಕಡೆ ಸರಿ ನಡೀತದ ಇನ್ನೊಂದ್ ಕಡೆ ಇಲ್ಲ, ಯುಎಸ್‌ಬಿ ಕಂಟ್ರೋಲರ್ ಅಂತೂ ಕೇಳಬ್ಯಾಡ್ರಿ. ಯಾರೋ ಬಂದು "ಕಪ್ಪು ಸ್ಕ್ರೀನ್ ಬಂತು" ಅಂತ ಒಂದ್ ಸಾಲು ಬರದು ಹೋಗ್ತಾರ, ಯಾವ ಮಷೀನು, ಯಾವ ಚಿಪ್ಪು, ಏನೂ ಹೇಳಂಗಿಲ್ಲ, ತಿರುಗಿ ಕೇಳಿದ್ರ ಉತ್ರಾ ಬರಂಗಿಲ್ಲ. ಅದಕ್ಕ "ಓಎಸ್‌ಗೇ ಹೇಳಿ ತರಸ್ಕೊಳ್ಳೋಣು" ಅನ್ನೋ ಆಸೆ ಎಲ್ರಿಗೂ ಬರ್ತದ, ಅದರ ಹಿಂದ ಕೆಟ್ಟ ಬುದ್ಧಿ ಇರ್ತದ ಅಂತ ತಿಳೀಬ್ಯಾಡ್ರಿ.

ಆದ್ರ ಆ ಆಸೆಗೆ ಬ್ಯಾರೆ ದಾರಿ ಅದಾವ್ರಿ, ಭಾಳ ವರ್ಷದಿಂದ ಅದಾವ. ಓಪನ್‌ಬಿಎಸ್‌ಡಿ ಅನ್ನೋ ಓಎಸ್‌ನ ಮಂದಿ ಏನ್ ಮಾಡ್ತಾರ, ಇನ್‌ಸ್ಟಾಲ್ ಆದಮ್ಯಾಲೆ ನಿಮ್ಮ ಡಿಮೆಸ್ಸೇಜ್ (ಬೂಟ್ ಆಗೋವಾಗ ಕರ್ನಲ್ ಬರೆಯೋ ಹಾರ್ಡ್‌ವೇರ್ ವರದಿ) ನಮಗ ಮೇಲ್ ಮಾಡ್ರಿ ಅಂತ ಕೇಳ್ಕೋತಾರ. ಕಳಸ್ಬೇಕಂದ್ರ ನೀವ ಕಮಾಂಡ್ ಹೊಡೀಬೇಕು. ಅದರಾಗ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ (ಆ ಕಾರ್ಡಿನ ಗುರುತಿನ ನಂಬರ್) ಇರ್ತದ, ಬ್ಯಾಡ ಅನಿಸಿದ್ರ ಅದನ್ನ ಅಳಿಸಿ ಕಳಸ್ರಿ, ಯಾರೂ ಕೇಳಂಗಿಲ್ಲ. ಹೈಕು ಅನ್ನೋ ಓಎಸ್ ನೋಡ್ರಿ, 2001ರಿಂದ ನಡದದ್ದು, ಅಲ್ಲಿ ಪ್ರೋಗ್ರಾಂ ಬಿತ್ತು ಅಂದ್ರ ಒಂದ್ ಡೈಲಾಗ್ ಬರ್ತದ, ರಿಪೋರ್ಟ್ ಸೇವ್ ಮಾಡು ಅಂದ್ರ ಡೆಸ್ಕ್‌ಟಾಪ್ ಮ್ಯಾಲೆ ಸಾದಾ ಟೆಕ್ಸ್ಟ್ ಫೈಲ್ ಬೀಳ್ತದ, ತೆರದು ಓದ್ರಿ, ಬೇಕಾದ್ರ ಟಿಕೆಟ್‌ಗೆ ಅಂಟಸ್ರಿ. ಸೆರೆನಿಟಿ ಓಎಸ್‌ನ್ಯಾಗೂ ಹಂಗ, ಕ್ರ್ಯಾಶ್ ಆದ್ರ ಬ್ಯಾಕ್‌ಟ್ರೇಸ್ (ಯಾವ್ಯಾವ ಫಂಕ್ಷನ್ ದಾಟಿ ಬಂದು ಬಿತ್ತು ಅನ್ನೋ ಪಟ್ಟಿ) ನಿಮ್ಮ ಮುಂದ ತೋರಸ್ತದ. ಅವ್ರಿಗೆ ಬಗ್ ರಿಪೋರ್ಟ್ ಬರೋದು ನಿಂತಿಲ್ಲಲ್ರಿ.

"ನಮ್ಮ ಓಎಸ್ ಎಷ್ಟ್ ಮಂದಿ ಬಳಸ್ತಾರ" ಅನ್ನೋ ಎಣಿಕೆ ಬೇಕಂದ್ರ ಫೆಡೋರಾ ಲಿನಕ್ಸಿನವ್ರು ಮಾಡಿದ್ದು ನನಗ ಭಾಳ ಛಲೋ ಅನಿಸ್ತದ. 2019ರಾಗ ಒಂದೊಂದು ಮಷೀನಿಗೆ ಒಂದ್ ಯುಯುಐಡಿ (ಬ್ಯಾರೆ ಯಾವುದಕ್ಕೂ ಇರದ ಗುರುತು) ಕೊಟ್ಟು ಎಣಸೋಣು ಅಂತ ಪ್ರಸ್ತಾಪ ಬಂತು, ಮಂದಿ ವಿರೋಧ ಮಾಡಿದ್ರು, ಕಡೀಕ ಫೆಡೋರಾ 32ರಾಗ ಕೌಂಟ್‌ಮಿ ಅಂತ ಮಾಡಿದ್ರು. ಐಡಿನ ಇಲ್ಲ. ಹ್ಯಾಂಗೂ ಅಪ್‌ಡೇಟ್‌ಗೆ ಸರ್ವರಿಗೆ ಹೋಗ್ತಾವಲ್ಲ, ವಾರಕ್ಕೊಮ್ಮೆ ಆ ರಿಕ್ವೆಸ್ಟಿನ್ಯಾಗ 1ರಿಂದ 4ರ ಒಳಗ ಒಂದ್ ಅಂಕಿ ಹೋಗ್ತದ ಅಷ್ಟ: ಮೊದಲ ವಾರದ ಮಷೀನು, ಮೊದಲ ತಿಂಗಳದ್ದು, ಆರ್ ತಿಂಗಳೊಳಗಿಂದು, ಅದಕ್ಕಿಂತ ಹಳೇದು. ಒಂದ್ ವಾರದಾಗ ಇಂಥಾ ರಿಕ್ವೆಸ್ಟ್ ಎಷ್ಟ್ ಬಂದ್ವು ಅಂತ ನೋಡಿದ್ರ ಎಣಿಕೆ ಸಿಕ್ತು, ಈ ವಾರ ಬಂದಾಂವ ಹೋದ ವಾರ ಬಂದಾಂವನ ಏನು ಅಂತ ಆ ಅಂಕಿಯಿಂದ ಹೇಳಾಕ್ ಬರಂಗಿಲ್ಲ.

ಲ್ಯಾಬ್_ಮೇಷ್ಟ್ರು:

ಎಲ್ರಿಗೂ ಥ್ಯಾಂಕ್ಸ್. @ಪ್ಯಾಕೆಟ್_ಪ್ರಿಯ ಹೇಳಿದ ಹಾಗೆ ಫಿಲ್ಟರ್-ಡಂಪ್ ಹಾಕಿ ನೋಡ್ದೆ. ಬರೀ ಎಚ್‌ಟಿಟಿಪಿನೇ, ಎಲ್ಲಾ ಬಿಚ್ಚಿಟ್ಟ ಹಾಗೆ ಕಾಣ್ತು. ನನ್ನ ಅನುಮಾನ ನಿಜ, ಡಿಎಚ್‌ಸಿಪಿಯಲ್ಲಿ (ನೆಟ್‌ವರ್ಕ್ ವಿಳಾಸ ಹಂಚೋ ವ್ಯವಸ್ಥೆಯಲ್ಲಿ) ವಿಳಾಸ ಸಿಕ್ಕ ತಕ್ಷಣ ಡಿಎನ್ಎಸ್ ಕ್ವೆರಿ, ಅದರ ಹಿಂದೇನೇ ಡೇಟಾ ಕಳಿಸೋ ಒಂದು ಪೋಸ್ಟ್ ರಿಕ್ವೆಸ್ಟು, ಟಿಕ್ ಸ್ಕ್ರೀನ್ ಬಂದಿದ್ದು ಅದಾದ್ಮೇಲೆ. ಅದರಲ್ಲಿದ್ದ ಜೇಸನ್ (ಫೀಲ್ಡ್ ಫೀಲ್ಡಾಗಿ ಬರೆದ ಡೇಟಾ) ಹೀಗಿದೆ, ಫೀಲ್ಡ್ ಹೆಸರು ಮಾತ್ರ ಹೇಳ್ತೀನಿ: ಒಂದು ಉದ್ದದ ಇನ್‌ಸ್ಟಾಲ್ ಐಡಿ, ಮ್ಯಾಕ್ ವಿಳಾಸದ ಎಸ್ಎಚ್ಎ-256 ಹ್ಯಾಶ್ (ಅದರಿಂದ ಲೆಕ್ಕ ಹಾಕಿ ಮಾಡಿದ ಬೆರಳಚ್ಚಿನಂಥ ಸಂಖ್ಯೆ), ಸಿಪಿಯು ಹೆಸರು, ರ‍್ಯಾಮ್, ಪಿಸಿಐ ಡಿವೈಸ್‌ಗಳ (ಮಷೀನಿನ ಒಳಗಿನ ಕಾರ್ಡುಗಳ) ಪಟ್ಟಿ, ಸ್ಕ್ರೀನ್ ಅಳತೆ, ಲೊಕೇಲು, ಕೀಬೋರ್ಡ್ ಲೇಔಟು, ಟೈಮ್ ಝೋನು, ಓಎಸ್ ಬಿಲ್ಡ್ ನಂಬರು, ಕೊನೇಗೆ "ಹಿಂದಿನ ಕ್ರ್ಯಾಶ್" ಅಂತ ಒಂದು ಫೀಲ್ಡು.

ನಾನು ಬೆಚ್ಚಿಬಿದ್ದಿದ್ದು ಆ ಕೊನೇ ಫೀಲ್ಡ್ ನೋಡಿ. ಮೊದಲ ಬೂಟಲ್ಲಿ ಖಾಲಿ ಇತ್ತು. ಆಮೇಲೆ ಮನೇಲಿರೋ ಹಳೇ ಲ್ಯಾಪ್‌ಟಾಪಿಗೆ ನಿಜವಾಗ್ಲೂ ಇನ್‌ಸ್ಟಾಲ್ ಮಾಡಿ, ಪೆನ್‌ಡ್ರೈವಲ್ಲಿದ್ದ ಒಂದು ಟೆಕ್ಸ್ಟ್ ಫೈಲ್ ಅವರ ಎಡಿಟರಲ್ಲಿ ತೆಗೆದೆ, ಎಡಿಟರ್ ಕ್ರ್ಯಾಶ್ ಆಯ್ತು (ಹೊಸ ಓಎಸ್, ಆಗೋದೇ, ಅದಕ್ಕೆ ಬೇಜಾರಿಲ್ಲ). ರೀಬೂಟ್ ಮಾಡಿ ಸ್ವಿಚ್ಚಲ್ಲಿ ಪೋರ್ಟ್ ಮಿರರ್ (ಒಂದು ಪೋರ್ಟಿನ ಟ್ರಾಫಿಕ್ ನಕಲು ಇನ್ನೊಂದಕ್ಕೆ) ಹಾಕಿ ನೋಡಿದ್ರೆ ಆ ಫೀಲ್ಡಲ್ಲಿ ಪ್ರೋಗ್ರಾಂ ಹೆಸರಿನ ಜೊತೆ ಅದಕ್ಕೆ ಕೊಟ್ಟಿದ್ದ ಆರ್ಗ್ಯುಮೆಂಟೂ ಇದೆ, ಅಂದ್ರೆ ಪೆನ್‌ಡ್ರೈವ್ ಹೆಸರು, ಫೋಲ್ಡರ್ ಹೆಸರು, ಫೈಲ್ ಹೆಸರು ಪೂರ್ತಿ. ಆ ಫೈಲು ಒಬ್ಬ ವಿದ್ಯಾರ್ಥಿಯ ಇಂಟರ್ನಲ್ ಮಾರ್ಕ್ಸ್ ಬಗ್ಗೆ ನಾನು ಬರ್ಕೊಂಡಿದ್ದು, ಫೈಲ್ ಹೆಸರಲ್ಲೇ ಅವನ ರಿಜಿಸ್ಟರ್ ನಂಬರ್ ಇದೆ. ಟಿಕ್ ತೆಗೆದಿದ್ದೆ. ಆದ್ರೂ ಹೋಯ್ತು, ಅದೂ ಬರೀ ಎಚ್‌ಟಿಟಿಪಿಯಲ್ಲಿ.

ಶರಾವತಿ:

ಮೇಷ್ಟ್ರೇ ನಾನು ಸೆಕ್ಯುರಿಟಿ ಕೆಲಸದಲ್ಲಿರೋಳು. ನೀವು ಕೊಟ್ಟ ಪಟ್ಟಿ ನೋಡಿದ ಮೇಲೆ ಸುಮ್ನಿರಕ್ಕಾಗ್ಲಿಲ್ಲ.

ಮೊದಲು ಆ ಮ್ಯಾಕ್ ಹ್ಯಾಶ್. "ಹ್ಯಾಶ್ ಮಾಡಿದೀವಿ, ಹಂಗಾಗಿ ಅನಾಮಧೇಯ" ಅನ್ನೋದನ್ನ ತುಂಬಾ ಜನ ಪ್ರಾಮಾಣಿಕವಾಗೇ ನಂಬಿರ್ತಾರೆ. ಮ್ಯಾಕ್ ವಿಳಾಸ ಇರೋದೇ 48 ಬಿಟ್. ಅದರಲ್ಲಿ ಮೊದಲ 24 ಬಿಟ್ ಸಾಮಾನ್ಯವಾಗಿ ಕಾರ್ಡ್ ಮಾಡಿದ ಕಂಪನಿದು, ಅದು ಪಬ್ಲಿಕ್ ಪಟ್ಟಿ. ಇದೇ ರಿಪೋರ್ಟಲ್ಲಿ ಪಿಸಿಐ ಪಟ್ಟಿನೂ ಇರೋದ್ರಿಂದ ಯಾವ ಕಂಪನಿ ಕಾರ್ಡು ಅಂತ ಹೆಚ್ಚುಕಮ್ಮಿ ಗೊತ್ತಾಗೇ ಹೋಗುತ್ತೆ. ಉಳಿದಿದ್ದು 24 ಬಿಟ್, ಅಂದ್ರೆ 1,67,77,216 ಸಾಧ್ಯತೆ. ಅಷ್ಟಕ್ಕೂ ಎಸ್ಎಚ್ಎ-256 ಲೆಕ್ಕ ಹಾಕಿ ಹೋಲಿಸೋಕೆ ಮಾಮೂಲಿ ಲ್ಯಾಪ್‌ಟಾಪಿಗೆ ಕೆಲವೇ ಸೆಕೆಂಡ್ ಸಾಕು. ಒಂದೇ ಕಂಪನಿಗೆ ಇಂಥ ಹತ್ತಾರು ಬ್ಲಾಕ್ ಇದ್ರೂ ನಿಮಿಷಗಳ ಕೆಲಸ. ಹ್ಯಾಶ್ ಇದ್ರೂ ಒಂದೇ ಇಲ್ದಿದ್ರೂ ಒಂದೇ.

ಅದಕ್ಕಿಂತ ಬೇಜಾರಿನ ವಿಷಯ ಅಂದ್ರೆ ಅವರಿಗೆ ಅದರಿಂದ ಉಪಯೋಗಾನೂ ಇಲ್ಲ. ಕ್ಯೂಎಮು ಮೊದಲ ಕಾರ್ಡಿಗೆ ಕೊಡೋ ಡಿಫಾಲ್ಟ್ ಮ್ಯಾಕ್ 52:54:00:12:34:56, ಜಗತ್ತಲ್ಲಿ ಯಾರೇ ಕ್ಯೂಎಮುನಲ್ಲಿ ಸುಮ್ನೆ ಓಡಿಸಿದ್ರೂ ಇದೇ. ಇಂಥ ಓಎಸ್‌ಗಳನ್ನ ಜನ ಹೆಚ್ಚಾಗಿ ಓಡಿಸೋದೇ ವರ್ಚುಯಲ್ ಮಷೀನಲ್ಲಿ. ಹಾಗಾಗಿ ಆ ಹ್ಯಾಶ್ ನೋಡಿ ಎಣಿಸಿದ್ರೆ ಅವರೆಲ್ಲ ಸೇರಿ ಒಬ್ರೇ ಆಗಿ ಕಾಣ್ತಾರೆ. ನಿಜವಾದ ಹಾರ್ಡ್‌ವೇರಲ್ಲಿ ಹಾಕಿ ಟೆಸ್ಟ್ ಮಾಡಿಕೊಡೋ ಒಳ್ಳೆ ಮನಸ್ಸಿನವರ ಗುರುತು ಮಾತ್ರ ಸಿಗುತ್ತೆ.

ಎರಡನೇದು, ನಂಗೆ ಇದೇ ಮುಖ್ಯ ಅನ್ಸೋದು. ಮ್ಯಾಕು, ಐಡಿ ಎರಡೂ ತೆಗೆದು ಹಾಕಿದ್ರೂ ಉಳಿದ ಫೀಲ್ಡ್‌ಗಳೇ ಸಾಕು ನಿಮ್ಮನ್ನ ಹಿಡಿಯೋಕೆ. 2010ರಲ್ಲಿ ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್ಎಫ್‌ನವರು ಸುಮಾರು 4.7 ಲಕ್ಷ ಬ್ರೌಸರ್‌ಗಳನ್ನ ನೋಡಿ, ಫಾಂಟು, ಪ್ಲಗಿನ್ನು, ಸ್ಕ್ರೀನ್ ಅಳತೆ, ಟೈಮ್ ಝೋನ್ ಇಂಥವನ್ನ ಜೋಡಿಸಿದ್ರೆ ನೂರಕ್ಕೆ 83ಕ್ಕಿಂತ ಜಾಸ್ತಿ ಬ್ರೌಸರ್‌ಗಳು ಒಂದರ ಹಾಗೆ ಇನ್ನೊಂದಿಲ್ಲ ಅಂತ ತೋರಿಸಿದ್ರು. ಅದು ಲಕ್ಷಗಟ್ಟಲೆ ಜನರ ಗುಂಪಲ್ಲಿ. ನೀವು ಹೇಳ್ತಿರೋ ಓಎಸ್‌ಗೆ ಬಳಕೆದಾರರು ಎಷ್ಟಿರಬಹುದು, ನೂರಿನ್ನೂರು? ಅದರಲ್ಲಿ ಕನ್ನಡ ಲೊಕೇಲ್ ಆರಿಸಿದವರು ಎಷ್ಟು ಜನ? ಮೇಷ್ಟ್ರೇ, ನೀವೊಬ್ರೇ ಇರಬಹುದು. ಜಾತ್ರೆಯಲ್ಲಿ ಮುಖಕ್ಕೆ ಟವೆಲ್ ಸುತ್ಕೊಂಡು ಓಡಾಡಿದ್ರೆ ಯಾರಿಗೂ ಗೊತ್ತಾಗಲ್ಲ, ಮೂರು ಮನೆ ಇರೋ ಕೇರೀಲಿ ಹಂಗೆ ಓಡಾಡಿದ್ರೆ ನಾಯಿಗೂ ಗೊತ್ತಾಗುತ್ತೆ. ಮೈಕ್ರೋಸಾಫ್ಟೋ ಗೂಗಲ್ಲೋ ಕೋಟ್ಯಂತರ ಜನರ ಡೇಟಾ ತಗೊಂಡು "ಗುಂಪಲ್ಲಿ ಕಲೆಸ್ತೀವಿ" ಅಂದ್ರೆ ಅದರಲ್ಲಿ ಅಷ್ಟೋ ಇಷ್ಟೋ ಅರ್ಥ ಇರುತ್ತೆ. ಇಲ್ಲಿ ಕಲೆಸೋಕೆ ಗುಂಪೇ ಇಲ್ಲ. ಓಎಸ್ ಚಿಕ್ಕದಾದಷ್ಟೂ ಅನಾಮಧೇಯ ಅನ್ನೋ ಮಾತು ಕೊಡೋದು ಕಷ್ಟ ಆಗುತ್ತೆ, "ನಾವು ಚಿಕ್ಕೋರು, ನಮ್ಮಿಂದ ಏನು ತೊಂದ್ರೆ" ಅನ್ನೋರಿಗೆ ಇದು ತಲೆಗೇ ಬಂದಿರಲ್ಲ.

ಕ್ರ್ಯಾಶ್ ವಿಷಯ ನೀವೇ ಕಣ್ಣಾರೆ ನೋಡಿದೀರ. ಫೈಲ್ ಹೆಸರಿಗೇ ನಿಂತಿದೆ ಅಂತ ಸಮಾಧಾನ ಮಾಡ್ಕೊಳ್ಳಿ. ಮೆಮೊರಿ ಡಂಪ್ ಕಳಿಸೋ ಹಾಗೆ ಮಾಡಿದ್ರೆ ಸ್ಟ್ಯಾಕಲ್ಲಿ ಹೀಪಲ್ಲಿ (ಪ್ರೋಗ್ರಾಂ ಬಳಸೋ ಮೆಮೊರಿಯಲ್ಲಿ) ಆ ಹೊತ್ತಿಗೆ ಏನಿತ್ತೋ ಅದೆಲ್ಲಾ, ಟೈಪ್ ಮಾಡ್ತಿದ್ದ ಪಾಸ್‌ವರ್ಡೂ ಸೇರಿ ಹೋಗುತ್ತೆ.

ಸುಮ್ನೆ_ಯೂಸರ್:

ಕನ್ನಡ ಲೊಕೇಲ್ ವಿಷಯ ಹೊಳೆದೇ ಇರಲಿಲ್ಲ ಮೇಡಂ, ಒಪ್ಕೋತೀನಿ. ಆದ್ರೂ ನಂದೊಂದು ಪ್ರಶ್ನೆ. ಯಾರು ಯಾವ ಭಾಷೆ ಆರಿಸಿದಾರೆ ಅಂತ ತಿಳೀದೇ ಇದ್ರೆ ಕನ್ನಡದ ಒತ್ತಕ್ಷರ ಸರಿ ಮಾಡ್ಬೇಕು ಅಂತ ಅವರಿಗೆ ಗೊತ್ತಾಗೋದು ಹೇಗೆ? ನಾವು ಲೆಕ್ಕಕ್ಕೇ ಬರದಿದ್ರೆ ನಮ್ಮ ಭಾಷೆ ಕಡೇ ಸಾಲಲ್ಲೇ ಉಳಿಯುತ್ತೆ ಅಲ್ವಾ?

ಶರಾವತಿ:

ಒಳ್ಳೇ ಪ್ರಶ್ನೆ, ನಿಜವಾಗ್ಲೂ. ನನ್ನ ಅನಿಸಿಕೆ ಏನಂದ್ರೆ ಭಾಷೆ ಬೇಕು ಅಂತ ನಾವೇ ಬಾಯಿಬಿಟ್ಟು ಕೇಳೋಣ. ಒತ್ತಕ್ಷರ ಹಾಳಾಗಿರೋ ಸ್ಕ್ರೀನ್‌ಶಾಟ್ ಹಾಕಿ, ಸರಿಯಾದ ರೂಪ ಹೇಗಿರಬೇಕು ಅಂತ ಪಕ್ಕದಲ್ಲಿ ತೋರಿಸಿ, ಹಾರ್ಫ್‌ಬಜ್ ಥರ ಅಕ್ಷರ ಸರಿಯಾಗಿ ಕೂರಿಸೋ ಶೇಪಿಂಗ್ ಲೈಬ್ರರಿ ಪೋರ್ಟ್ ಮಾಡಿ ಅಂತ ಒಂದು ಇಶ್ಯೂ ಹಾಕಿದ್ರೆ ಅದು ಟೆಲಿಮೆಟ್ರಿಯಲ್ಲಿ (ಓಎಸ್ ತಾನಾಗೇ ಕಳಿಸೋ ಮಾಹಿತಿಯಲ್ಲಿ) ಬೀಳೋ ಒಂದು ಅಂಕಿಗಿಂತ ಎಷ್ಟೋ ಜಾಸ್ತಿ ಕೆಲಸ ಮಾಡುತ್ತೆ. ಆ ಅಂಕಿ ನೋಡಿದ್ರೆ ಏನಾಗುತ್ತೆ ಗೊತ್ತಾ, "ಕನ್ನಡ: 1" ಅಂತ ಇರುತ್ತೆ, ಅದನ್ನ ನೋಡಿ ಲಿಸ್ಟಿಂದ ತೆಗೆದು ಹಾಕೋರೇ ಜಾಸ್ತಿ.

ವಕೀಲಮ್ಮ:

ಮಕ್ಕಳ ವಯಸ್ಸಿನ ಬಗ್ಗೆ ಕೇಳಿದಿರಲ್ಲ ಸರ್, ಅದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ 9 ಜನ ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ಕ್ಕೆ ಒಮ್ಮತದಿಂದ ಹೇಳ್ತು, ಆ ಕೇಸಿನ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಆಧಾರ್ ಪ್ರಶ್ನಿಸಿ 2012ರಲ್ಲೇ ಹೋಗಿದ್ರು. ಅದಾದ್ಮೇಲೆ 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಡಿಪಿಡಿಪಿ ಕಾಯ್ದೆ ಬಂತು, 2025ರ ನವೆಂಬರಲ್ಲಿ ಅದರ ನಿಯಮಗಳು ಬಂದ್ವು, ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರೋಕೆ 18 ತಿಂಗಳ ಸಮಯ ಕೊಟ್ಟಿದಾರೆ. ಕಾಯ್ದೆಯಲ್ಲಿ ಒಪ್ಪಿಗೆ ಅಂದ್ರೆ ಸ್ಪಷ್ಟವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ವಿಷಯ ತಿಳಿದು, ಆ ವ್ಯಕ್ತಿ ತಾನಾಗಿ ಮಾಡೋ ಕ್ರಿಯೆ. ಮೊದಲೇ ಟಿಕ್ ಹಾಕಿಟ್ಟಿರೋ ಬಾಕ್ಸು ಒಪ್ಪಿಗೆ ಅನ್ನಿಸ್ಕೊಳ್ಳೋದು ಕಷ್ಟ, ಟಿಕ್ ಸ್ಕ್ರೀನ್ ಬರೋಕ್ಕೆ ಮುಂಚೆ ಹೋದ ಡೇಟಾಗೆ ಅಂತೂ ಒಪ್ಪಿಗೆ ಅನ್ನೋ ಮಾತೇ ಇಲ್ಲ. ಇನ್ನೊಂದು, ಏನು ತಗೋತೀವಿ ಅನ್ನೋ ನೋಟಿಸನ್ನ ಇಂಗ್ಲಿಷಲ್ಲಿ ಅಥವಾ ಸಂವಿಧಾನದ ಎಂಟನೇ ಷೆಡ್ಯೂಲಿನ ಯಾವುದೇ ಭಾಷೆಯಲ್ಲಿ ಓದೋ ಅವಕಾಶ ಕೊಡ್ಬೇಕು, ಅದರಲ್ಲಿ ಕನ್ನಡ ಇದೆ.

18 ತುಂಬದವರು ಕಾಯ್ದೆ ಪ್ರಕಾರ ಮಕ್ಕಳು. ಅವರ ಡೇಟಾಗೆ ತಂದೆತಾಯಿಯ ಒಪ್ಪಿಗೆ ಬೇಕು, ಅದು ಪರಿಶೀಲಿಸೋಕೆ ಬರೋ ಹಾಗಿರಬೇಕು. ಎಲ್ಲೋ ಕೂತು ಹವ್ಯಾಸಕ್ಕೆ ಕೋಡ್ ಬರೆಯೋ ಮೂರ್ನಾಲ್ಕು ಜನರ ಮೇಲೆ ಯಾರೂ ಕೇಸ್ ಹಾಕೋಕೆ ಹೋಗಲ್ಲ, ಹಾಕೋದೂ ಬೇಡ. ನಾನು ಹೇಳ್ತಿರೋದು ನಿಮ್ಮ ಬಗ್ಗೆ ಸರ್. ನಾಳೆ ಒಬ್ಬ ಪೇರೆಂಟ್ ಬಂದು "ನಮ್ಮ ಮಗನ ರಿಜಿಸ್ಟರ್ ನಂಬರ್ ಯಾವುದೋ ಸರ್ವರಲ್ಲಿದೆಯಂತೆ" ಅಂದ್ರೆ ಉತ್ತರ ಕೊಡಬೇಕಾದೋರು ನೀವು ಮತ್ತೆ ನಿಮ್ಮ ಪ್ರಿನ್ಸಿಪಾಲರು. ಆ ಕ್ರ್ಯಾಶ್ ರಿಪೋರ್ಟ್ ಅಳಿಸಿ ಅಂತ ಇನ್‌ಸ್ಟಾಲ್ ಐಡಿ ಕೊಟ್ಟು ಅವರಿಗೆ ಇವತ್ತೇ ಒಂದು ಮೇಲ್ ಹಾಕಿ, ಪಬ್ಲಿಕ್ ಇಶ್ಯೂನಲ್ಲಿ ಬೇಡ, ಖಾಸಗಿಯಾಗಿ.

ಪ್ಯಾಕೆಟ್_ಪ್ರಿಯ:

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ, ಸರ್ವರ್ ಕಡೆಯದ್ದು. ಜೇಸನಲ್ಲಿ ಐಪಿ (ಇಂಟರ್ನೆಟ್ ವಿಳಾಸ) ಇಲ್ಲ ಅಂದ ಮಾತ್ರಕ್ಕೆ ಐಪಿ ಹೋಗಿಲ್ಲ ಅಂತಲ್ಲ. ರಿಕ್ವೆಸ್ಟ್ ಬಂದ ತಕ್ಷಣ ವೆಬ್ ಸರ್ವರ್ ಸಾಫ್ಟ್‌ವೇರ್ ಎನ್‌ಜಿನ್‌ಎಕ್ಸ್ ಅದನ್ನ ಆಕ್ಸೆಸ್ ಲಾಗಲ್ಲಿ ಬರ್ಕೊಳ್ಳುತ್ತೆ, ಡೆಬಿಯನ್ ಲಿನಕ್ಸ್ ಡಿಫಾಲ್ಟಲ್ಲಿ ದಿನಕ್ಕೊಂದರ ಹಾಗೆ 14 ಹಳೇ ಲಾಗ್ ಇಟ್ಕೊಂಡಿರುತ್ತೆ. ಡೆವಲಪರ್ ಬೇಕು ಅಂತ ಮಾಡಿದ್ದಲ್ಲ, ಆಫ್ ಮಾಡ್ಬೇಕು ಅಂತ ಹೊಳೆದಿರಲ್ಲ ಅಷ್ಟೇ.

ಅದಕ್ಕಿಂತ ನಂಗೆ ಭಯ ಡೊಮೇನ್ ಬಗ್ಗೆ. ಹವ್ಯಾಸಿ ಪ್ರಾಜೆಕ್ಟುಗಳು ನಿಂತು ಹೋಗ್ತವೆ, ಕೆಲಸ ಸಿಗುತ್ತೆ, ಮದುವೆ ಆಗುತ್ತೆ, ಆಸಕ್ತಿ ಹೋಗುತ್ತೆ, ತಪ್ಪೇನಿಲ್ಲ. ಆಗ ಡೊಮೇನ್ ರಿನ್ಯೂ ಆಗಲ್ಲ, ಇನ್ಯಾರೋ ಕೊಂಡ್ಕೋತಾರೆ. ಆದ್ರೆ ನಿಮ್ಮ ಲ್ಯಾಬಲ್ಲಿ ಯಾವುದೋ ಮೂಲೇಲಿರೋ ಮಷೀನಲ್ಲಿ ಆ ಓಎಸ್ ಇನ್ನೂ ಇದ್ರೆ ಬೂಟ್ ಮಾಡಿದಾಗೆಲ್ಲಾ ಆ ಹೊಸ ಮಾಲೀಕನಿಗೇ ರಿಪೋರ್ಟ್ ಒಪ್ಪಿಸುತ್ತೆ. ಎಚ್‌ಟಿಟಿಪಿಎಸ್ ಇದ್ರೂ ಉಪಯೋಗ ಇಲ್ಲ, ಡೊಮೇನ್ ಕೈಲಿದ್ರೆ ಲೆಟ್ಸ್ ಎನ್‌ಕ್ರಿಪ್ಟಲ್ಲಿ ಸರ್ಟಿಫಿಕೇಟ್ ಬಿಟ್ಟಿಯಾಗೇ ಸಿಗುತ್ತೆ. ಅದೇ ಡೊಮೇನಿಂದ ಅಪ್‌ಡೇಟೂ ಬರ್ತಿದ್ದು, ಪ್ಯಾಕೇಜಿಗೆ ಸಿಗ್ನೇಚರ್ ಚೆಕ್ ಇಲ್ಲ ಅಂದ್ರೆ ಖಾಸಗಿತನ ಬಿಡಿ, ಮಷೀನೇ ಅವನದ್ದಾಗುತ್ತೆ. ಆದ್ದರಿಂದ ಟೆಲಿಮೆಟ್ರಿ ಇಟ್ಟೇ ಇಡ್ತೀವಿ ಅನ್ನೋರು ಪ್ರತಿ ಬಿಲ್ಡಿಗೂ ಒಂದು ಗಡುವು ಹಾಕ್ಲಿ, ಬಿಲ್ಡ್ ಆಗಿ ಇಷ್ಟು ತಿಂಗಳಾದ್ಮೇಲೆ ಕಳಿಸೋದು ತಾನಾಗೇ ನಿಲ್ಲೋ ಹಾಗೆ.

ಲ್ಯಾಬ್_ಮೇಷ್ಟ್ರು:

ಅಪ್‌ಡೇಟ್ ಕೊಡ್ತೀನಿ. ವಕೀಲಮ್ಮ ಹೇಳಿದ ಹಾಗೆ ಖಾಸಗಿಯಾಗಿ ಮೇಲ್ ಬರೆದೆ. ಮೊದಲು ಓಎಸ್ ಯಾಕೆ ಇಷ್ಟ ಆಯ್ತು, ಮಕ್ಕಳಿಗೆ ಯಾವ ಫೈಲ್ ತೋರಿಸಬೇಕು ಅಂತಿದೀನಿ ಅದನ್ನ ಬರೆದೆ, ಅದು ಮುಖಸ್ತುತಿ ಅಲ್ಲ, ನಿಜವಾಗ್ಲೂ ಅವರ ಪೇಜಿಂಗ್ ಕೋಡ್ ನಾನು ನೋಡಿದ್ರಲ್ಲೇ ಅಚ್ಚುಕಟ್ಟಾದ್ದು. ಆಮೇಲೆ ಪ್ಯಾಕೆಟಲ್ಲಿ ಕಂಡಿದ್ದನ್ನ ಹೆಜ್ಜೆ ಹೆಜ್ಜೆಯಾಗಿ ಬರೆದು, ಶರಾವತಿ ಮೇಡಂ ಹೇಳಿದ 52:54:00 ವಿಷಯ, ಧಾರವಾಡದವರು ಹೇಳಿದ ಕೌಂಟ್‌ಮಿ ವಿಷಯ ಎರಡೂ ಸೇರಿಸ್ದೆ.

ಉತ್ತರ ಬೇಗ ಬಂತು, ಮರ್ಯಾದೆಯಾಗೇ ಇತ್ತು. ಸ್ಕ್ರೀನ್‌ಗೆ ಮುಂಚೆ ಹೋಗ್ತಿದ್ದಿದ್ದು ಬೂಟ್ ಆರ್ಡರಿನ ಬಗ್ ಅಂತೆ, ರಿಪೋರ್ಟ್ ಸರ್ವಿಸ್ ನೆಟ್‌ವರ್ಕ್ ಬಂದ ಕೂಡಲೇ ಶುರುವಾಗಿ, ಸೆಟ್ಟಿಂಗ್ಸ್ ಫೈಲ್ ಇಲ್ದಿದ್ರೆ "ಹೌದು" ಅಂತ ತಗೊಳ್ತಿತ್ತಂತೆ. ಟಿಕ್ ತೆಗೆದ್ಮೇಲೂ ಹೋಗಿದ್ದು ಯಾಕಂದ್ರೆ ಕ್ರ್ಯಾಶ್ ಕಳಿಸೋ ಪ್ರೋಗ್ರಾಂ ಬೇರೆ, ಅದು ಆ ಸೆಟ್ಟಿಂಗ್ ನೋಡ್ತಾನೇ ಇರಲಿಲ್ಲ. ಎರಡೂ ಸರಿ ಮಾಡಿ, ಬಾಕ್ಸಿನ ಟಿಕ್ ತೆಗೆದು, ಮ್ಯಾಕ್ ಹ್ಯಾಶ್ ಪೂರ್ತಿ ಕೈಬಿಟ್ಟಿದಾರೆ, ನನ್ನ ರಿಪೋರ್ಟ್ ಅಳಿಸಿದೀವಿ ಅಂತಾನೂ ಹೇಳಿದಾರೆ. ಆದ್ರೆ ಇನ್‌ಸ್ಟಾಲ್ ಐಡಿ ಮಾತ್ರ ಬೇಕೇ ಬೇಕು ಅಂತಾರೆ, ಒಂದೇ ಮಷೀನು ಪದೇ ಪದೇ ಕ್ರ್ಯಾಶ್ ಆಗ್ತಿದ್ಯಾ ಅಥವಾ ತುಂಬಾ ಮಷೀನುಗಳಾ ಅಂತ ತಿಳಿಯೋಕೆ. ಇದಕ್ಕೆ ಏನು ಹೇಳಲಿ? ಮತ್ತೆ ಲ್ಯಾಬಿಗೆ ಸದ್ಯಕ್ಕೆ ಹೇಗೆ ಹಾಕ್ಲಿ?

ಪ್ಯಾಕೆಟ್_ಪ್ರಿಯ:

ಲ್ಯಾಬಿಗೆ ಸುಲಭ. ಕ್ಯೂಎಮುನಲ್ಲೇ ಓಡಿಸಿ, ನೆಟ್‌ಡೆವ್ ಯೂಸರ್ ಸಾಲಲ್ಲಿ ರಿಸ್ಟ್ರಿಕ್ಟ್=ಆನ್ ಸೇರಿಸಿ. ಗೆಸ್ಟ್‌ಗೆ ಕಾರ್ಡ್ ಕಾಣುತ್ತೆ, ಡಿಎಚ್‌ಸಿಪಿಯಲ್ಲಿ ವಿಳಾಸ ಸಿಗುತ್ತೆ, ಮಕ್ಕಳು ನೆಟ್‌ವರ್ಕ್ ಡ್ರೈವರ್ ಕೋಡ್ ಓದಬಹುದು, ಹೊರಗೆ ಮಾತ್ರ ಒಂದು ಪ್ಯಾಕೆಟೂ ಹೋಗಲ್ಲ. ಪೆನ್‌ಡ್ರೈವ್ ಗೆಸ್ಟ್ ಒಳಗೆ ಕೊಡಬೇಡಿ. ಫಿಲ್ಟರ್-ಡಂಪ್ ಒಂದು ಪ್ರಾಕ್ಟಿಕಲ್ ಆಗಿ ಮಾಡಿಸಿ ಮೇಷ್ಟ್ರೇ, ತಮ್ಮ ಮಷೀನು ತಾನಾಗೇ ಯಾರ ಜೊತೆ ಮಾತಾಡುತ್ತೆ ಅಂತ ಹದಿನಾರು ವಯಸ್ಸಲ್ಲೇ ನೋಡಿದ ಮಕ್ಕಳು ಆಮೇಲೆ ಯಾವ ಆಪ್ ಹಾಕೋಕೂ ಮುಂಚೆ ಯೋಚನೆ ಮಾಡ್ತಾರೆ. ಮನೇಲಿ ಹಿಡಿದ ಆ ಪಿಕ್ಯಾಪ್ ಫೈಲ್ ಇದ್ಯಲ್ಲ, ಅದನ್ನ ಎಲ್ಲೂ ಅಪ್‌ಲೋಡ್ ಮಾಡಬೇಡಿ, ನಿಮ್ಮ ನಿಜವಾದ ಮ್ಯಾಕ್, ಆ ಹುಡುಗನ ರಿಜಿಸ್ಟರ್ ನಂಬರ್ ಎರಡೂ ಅದರಲ್ಲಿದೆ.

ಧಾರವಾಡ_ಕರ್ನಲ್:

ಐಡಿ ಬಗ್ಗೆ ನಾ ಹೇಳ್ತೇನ್ರಿ ಸರ. ಅವರು ಕೇಳೋದ್ರಾಗ ನ್ಯಾಯ ಅದ, ಒಂದ ಕೆಟ್ಟ ರ‍್ಯಾಮ್ ಇದ್ದ ಮಷೀನು ನೂರ್ ಸಲ ಬಿದ್ರ ಅದು ನೂರ್ ಮಂದಿಯ ಸಮಸ್ಯಾ ಅನಿಸ್ತದ. ಆದ್ರ ಅದನ್ನ ತಿಳ್ಕೊಳ್ಳಾಕ ಖಾಯಂ ಐಡಿ ಬ್ಯಾಡ. ಎಣಿಕೆ ಮಷೀನಿನ್ಯಾಗ ಆಗ್ಲಿ: ಇದ ಜಾಗಾದಾಗ ಈ ವಾರ ಎಷ್ಟ್ ಸಲ ಬಿತ್ತು ಅಂತ ಓಎಸ್ ತಾನ ಲೆಕ್ಕ ಇಟ್ಟು, ಬ್ಯಾಕ್‌ಟ್ರೇಸಿನ ಹ್ಯಾಶ್ ಮತ್ತ ಆ ಅಂಕಿ, ಇಷ್ಟ ವಾರಕ್ಕೊಮ್ಮೆ ಕಳಿಸಿದ್ರ ಮುಗೀತು. ಗೋ ಭಾಷಾದವ್ರೂ ಹಿಂತಾದ್ದ ಮಾಡ್ಯಾರ. 2023ರ ಫೆಬ್ರುವರಿಯಾಗ ಟೆಲಿಮೆಟ್ರಿ ಡಿಫಾಲ್ಟ್ ಆನ್ ಇಡೋ ಪ್ರಸ್ತಾಪ ಇತ್ತು, ಮಂದಿ ಬ್ಯಾಡಂದ ಮ್ಯಾಲೆ ಬದಲಿಸಿದ್ರು, ಈಗ 1.23ರಿಂದ ಎಣಿಕೆ ಎಲ್ಲಾ ನಮ್ಮ ಡಿಸ್ಕಿನ್ಯಾಗ ಉಳೀತಾವ, ನಾವಾಗಿ ಆನ್ ಮಾಡಿದ್ರ ಮಾತ್ರ ಅಪ್‌ಲೋಡ್ ಆಗ್ತಾವ, ಮಷೀನಿಗೆ ಐಡಿ ಅಂತ ಏನೂ ಇಲ್ಲ. ಇನ್ನೊಂದ್ ಮಾತ್, ಆ ಐಡಿ ಅವರು ಹೆಂಗ್ ಹುಟ್ಟಸ್ತಾರ ಕೇಳ್ರಿ. ಸಣ್ಣ ಓಎಸ್‌ನ್ಯಾಗ ರ‍್ಯಾಂಡಮ್ ನಂಬರಿಗೆ ಬೂಟ್ ಆದ ಟೈಮ್ ಅಷ್ಟ ಬೀಜ ಇದ್ರ ಎರಡ್ ಮಷೀನಿಗೆ ಒಂದ ಐಡಿ ಬಂದು ಅವರ ಲೆಕ್ಕಾನೂ ಹಾಳಾಗ್ತದ.

ಬರೇ ಬ್ಯಾಡ ಬ್ಯಾಡ ಅಂತ ಹೇಳಿದ್ರ ಅವರಿಗೂ ಬ್ಯಾಸರ ಬರ್ತದ. ಪ್ಯಾಚ್ ನಾ ಬರೀತೇನ್ರಿ, ಎಣಿಕಿದೂ, ಆರ್ಗ್ಯುಮೆಂಟ್ ತೆಗದು ಬರೇ ಪ್ರೋಗ್ರಾಂ ಹೆಸರು ಇಡೋದೂ, ಎರಡೂ ಸಣ್ಣ ಕೆಲಸ. ರಿಪೊ ಲಿಂಕ್ ನನಗ ಮೆಸೇಜ್ ಮಾಡ್ರಿ, ಈ ರವಿವಾರ ಕುಂದರ್ತೇನಿ. ಕನ್ನಡದ ಒತ್ತಕ್ಷರದ ಇಶ್ಯೂ ಶರಾವತಿ ಮೇಡಂ ಹಾಕ್ತಾರೇನು ಕೇಳ್ರಿ, ಸ್ಕ್ರೀನ್‌ಶಾಟ್ ನಿಮ್ಮ ಹತ್ರನ ಅದಾವಲ್ಲ.